ದೇವೀರಿಯ ನೆಲಸಂಪಿಗೆ

ಬನ್ನಿ, ಬನ್ನಿ, ಹತ್ರ ಬಂದು ಕೂತ್ಕೊಳ್ಳಿ. ಮಕ್ಕಳು ಮುಂದೆ, ದೊಡ್ಡೋರು ಹಿಂದೆ. ಎಲೆ ಅಡಿಕೆ ಹಾಕ್ಕೊಳ್ಳೋರು ಈಗ್ಲೇ ಹಾಕ್ಕೊಳ್ಳಿ, ಕಥೆ ಮಧ್ಯ ಸುಣ್ಣ ಕೇಳಬೇಡಿ. ಹೂಂ ಅನ್ನೋಕೆ ಒಬ್ಬರು ಬೇಕು. ಯಾರು ಅಂತೀರಿ? ನೀನಾ? ಸರಿ, ಗಟ್ಟಿಯಾಗಿ ಅನ್ನು. ನೀನು ನಿದ್ದೆ ಹೋದ್ರೆ ನನ್ನ ಕಥೆನೂ ನಿದ್ದೆ ಹೋಗ್ತದೆ.

ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಒಂದು ಊರಿತ್ತು. ಯಾವ ಊರು ಅಂತ ಕೇಳಬೇಡಿ, ಹೆಸರು ಹೇಳಿದ್ರೆ ಆ ಊರೋರು ಜಗಳಕ್ಕೆ ಬರ್ತಾರೆ. ಆ ಊರಲ್ಲಿ ಒಂದು ಎಣ್ಣೆ ಗಾಣ ಇತ್ತು. ಗಾಣ ಆಡಿಸೋನ ಹೆಸರು ಮುದ್ದಯ್ಯ. ಒಳ್ಳೆಯವನೇ. ಆದ್ರೆ ಮಾತು ಕಮ್ಮಿ. ಗಾಣದೆತ್ತು ಎಷ್ಟು ಮಾತಾಡ್ತದೋ ಮುದ್ದಯ್ಯನೂ ಅಷ್ಟೇ.

ಅವನ ಹೆಂಡ್ತಿ ದೇವೀರಿ. ಒಬ್ಬಳೇ ಮಗಳು ಚೆಲುವಿ, ಇನ್ನೂ ಹಲ್ಲು ಬೀಳೋ ವಯಸ್ಸು. ಮನೆ ಹಿಂದೆ ಒಂದು ಹಿತ್ತಲು. ಹಿತ್ತಲಲ್ಲಿ ಕರಿಬೇವಿನ ಮರ, ಬಟ್ಟೆ ಒಗೆಯೋ ಕಲ್ಲು, ಆಚೆ ಮೂಲೆಗೆ ತಿಪ್ಪೆ. ಕರಿಬೇವಿನ ಮರದ ಬುಡದಲ್ಲಿ ದೇವೀರಿ ನೆಟ್ಟ ನೆಲಸಂಪಿಗೆ.

ನೆಲಸಂಪಿಗೆ ನೋಡಿದೀರಾ? ನೋಡಿಲ್ಲ ಅಂದ್ರೆ ಕೇಳಿ. ಅದು ಅರಿಶಿನದ ಹಾಗೆ ಗಡ್ಡೆ. ಮಳೆಗಾಲ ಪೂರ್ತಿ ಬರೀ ಎಲೆ. ಎಲೆಯ ಮೇಲೆ ಪಟ್ಟೆ ಪಟ್ಟೆ, ಅಡಿಯಲ್ಲಿ ನೇರಳೆ ಹಣ್ಣು ಒರೆಸಿದ ಬಣ್ಣ. ಚಳಿ ಬಂತೋ, ಎಲೆ ಹಳದಿ ಆಗಿ ಬಿದ್ದು ಒಣಗಿ ಹೋಗ್ತದೆ. ಮೇಲೆ ಏನೂ ಇರಲ್ಲ. ಗಿಡ ಇತ್ತು ಅಂದ್ರೆ ಯಾರೂ ನಂಬಲ್ಲ. ಬೇಸಿಗೇಲಿ ಒಂದು ಮಳೆ ಬಿದ್ದು ನೆಲ ತಣ್ಣಗಾದ್ರೆ ಸಾಕು, ಎಲೆ ಇಲ್ಲ, ಕಾಂಡ ಇಲ್ಲ, ಬರೀ ಮಣ್ಣು ಸೀಳಿಕೊಂಡು ಹೂವು! ಬಿಳಿ ಎಸಳು, ಒಳಗೆ ತಿಳಿ ನೇರಳೆ. ಬೆಳಗಾಗೆದ್ದು ಬಾಗಿಲು ತೆಗೆದ್ರೆ ಹಿತ್ತಲೆಲ್ಲ ಘಮ್ಮಂತದೆ.

ದೇವೀರಿ ಅದನ್ನ ತವರಿಂದ ತಂದಿದ್ದು. ಮಗಳನ್ನ ಸೊಂಟಕ್ಕೆ ಹಾಕ್ಕೊಂಡು ತೋರಿಸ್ತಿದ್ಲು. "ಕೀಳಬೇಡ ಕೂಸೇ, ಬಗ್ಗಿ ಮೂಸು" ಅಂತಿದ್ಲು.

ಒಂದು ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ದೇವೀರಿಗೆ ಜ್ವರ ಬಂತು. ಇವತ್ತು ಇಳಿತದೆ, ನಾಳೆ ಇಳಿತದೆ ಅಂದ್ರು. ಇಳಿಲಿಲ್ಲ. ಮಲಗಿದಲ್ಲಿಂದಲೇ ಕಿಟಕಿಯಲ್ಲಿ ಹಿತ್ತಲು ನೋಡ್ತಿದ್ಲು. ನೆಲಸಂಪಿಗೆ ಎಲೆ ಹಳದಿ ತಿರುಗ್ತಿತ್ತು. ಚೆಲುವಿ ಹೆದರಿ, "ಅವ್ವಾ, ಗಿಡ ಸಾಯ್ತಾ ಇದೆ" ಅಂದ್ಲು.

"ಇಲ್ಲ ಮಗ. ಅದು ಮಲಗ್ತದೆ. ಬೇಸಿಗೆ ಮಳೆಗೆ ಏಳ್ತದೆ. ನೀನು ನೋಡ್ಕೊಂಡಿರು."

ದೀಪಾವಳಿಗೆ ದೇವೀರಿ ಹೋಗಿಬಿಟ್ಲು.

ಊರೋರು ಬಂದ್ರು, ಅತ್ರು, ಹೋದ್ರು. ಚೆಲುವಿಗೆ ಯಾರೂ ಏನೂ ನೆಟ್ಟಗೆ ಹೇಳ್ಲಿಲ್ಲ. "ಅವ್ವ ಎಲ್ಲಿ?" ಅಂದ್ರೆ ಒಬ್ಬಳು "ದೇವರ ಹತ್ರ ಹೋದ್ಲು" ಅಂದ್ಲು. ಇನ್ನೊಬ್ಬಳು "ಊರಿಗೆ ಹೋದ್ಲು" ಅಂದ್ಲು. ಪಕ್ಕದ ಮನೆ ಜವನಮ್ಮ "ಮಲಗಿದಾಳೆ ಕಣೇ, ಅಳಬೇಡ" ಅಂದುಬಿಟ್ಲು. ಮಗುವಿಗೆ ಅದೊಂದು ಮಾತು ನಿಂತುಬಿಡ್ತು. ಅವ್ವ ಮಲಗಿದಾಳೆ. ಗಿಡ ಮಲಗಿದೆ. ಮಲಗಿದ್ದು ಏಳಲೇಬೇಕಲ್ಲ?

ಅವತ್ತಿನಿಂದ ಚೆಲುವಿ ಬೆಳಿಗ್ಗೆ ಎದ್ದ ತಕ್ಷಣ ಕರಿಬೇವಿನ ಬುಡಕ್ಕೆ ಹೋಗಿ ಕೂರೋಳು. ಬರೀ ಮಣ್ಣು ನೋಡ್ತಾ ಕೂರೋಳು. ಯಾಕೆ ಅಂತ ಯಾರಿಗೂ ಹೇಳ್ಲಿಲ್ಲ. ಅಪ್ಪನೂ ಕೇಳ್ಲಿಲ್ಲ.

ಮುದ್ದಯ್ಯನ ನೆಂಟರು ಸುಮ್ಮನಿರ್ತಾರಾ? "ಹೆಣ್ಣು ಮಗು ಇದೆ, ಮನೇಲಿ ದೀಪ ಹಚ್ಚೋರು ಬೇಡ್ವಾ?" ಅಂತ ಹಿಡಿದು ಕೂರಿಸಿ, ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಮದುವೆ ಮಾಡಿದ್ರು. ಬಂದವಳು ಲಕ್ಕವ್ವ. ಹೊಳೆ ಆಚೆ ಕಡೆಯವಳು. ಗಟ್ಟಿ ಕೈ, ಜೋರು ನಗು, ಕೆಲಸ ಅಂದ್ರೆ ಹಿಂದೆ ಮುಂದೆ ನೋಡಲ್ಲ.

ಮಲತಾಯಿ ಅಂದ ತಕ್ಷಣ ಮುಖ ಸಿಂಡರಿಸ್ತೀರಲ್ಲ, ಗೊತ್ತು ನನಗೆ. ತಾಳಿ, ತಾಳಿ.

ಲಕ್ಕವ್ವ ಮಗುವನ್ನ ಮಾತಾಡಿಸಿದ್ಲು. ಮಗು ಮಾತಾಡ್ಲಿಲ್ಲ. ತಲೆ ಬಾಚ್ತೀನಿ ಬಾ ಅಂದ್ಲು. ಬರ್ಲಿಲ್ಲ. ಬೆಲ್ಲ ಕೊಟ್ಲು. ಕಟ್ಟೆ ಮೇಲೆ ಇಟ್ಟು ಓಡಿಹೋಯ್ತು. ಏನು ಮಾಡ್ತಾಳೆ ಪಾಪ? ಜವನಮ್ಮನ್ನ ಕೇಳಿದ್ಲು.

"ಅಕ್ಕಾ, ಈ ಮಗೀಗೆ ಏನು ಇಷ್ಟ?"

"ಬೆಂಡೆಕಾಯಿ ಪಲ್ಯ ಅಂದ್ರೆ ತಟ್ಟೆ ನೆಕ್ತಾಳೆ" ಅಂದ್ಲು ಜವನಮ್ಮ.

ಅಷ್ಟೇ ಸಾಕಾಯ್ತು. ಲಕ್ಕವ್ವ ಸೆರಗು ಸಿಕ್ಕಿಸಿದ್ಲು, ಗುದ್ದಲಿ ಹಿಡಿದ್ಲು, ಹಿತ್ತಲಿಗಿಳಿದ್ಲು. ಖಾಲಿ ಜಾಗ ಯಾವುದು? ಕರಿಬೇವಿನ ಬುಡದ ಹತ್ರದ್ದು. ಮಣ್ಣು ಮೆತ್ತಗಿತ್ತು. ಹಾಕಿದ್ಲು ಗುದ್ದಲಿ. ಏನೋ ಗಡ್ಡೆ ಸಿಕ್ತು. ಕಾಡು ಶುಂಠಿ ಇರಬೇಕು ಅಂದ್ಕೊಂಡ್ಲು. ಎತ್ತಿದ್ಲು, ಕೊಚ್ಚಿದ್ಲು, ಬಾಚಿ ತಿಪ್ಪೆಗೆ ಎಸೆದ್ಲು. ಸಾಲು ಮಾಡಿ ಬೆಂಡೆ ಬೀಜ ಊರಿ, ಕೈ ತೊಳ್ಕೊಂಡು ತಿರುಗಿ ನೋಡ್ತಾಳೆ, ಹಿತ್ತಲ ಬಾಗಿಲಲ್ಲಿ ಚೆಲುವಿ.

ಮಗು ಅಳ್ಲಿಲ್ಲ. ಕೂಗ್ಲಿಲ್ಲ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ನೀನು ನಮ್ಮವ್ವನ್ನ ತಿಪ್ಪೆಗೆ ಎಸೆದೆ" ಅಂತು.

ಬಂದಾಗಿನಿಂದ ಆ ಮಗು ಅವಳ ಹತ್ರ ಆಡಿದ ಮೊದಲ ಮಾತು ಅದು. ಲಕ್ಕವ್ವನಿಗೆ ತಲೆಬುಡ ತಿಳೀಲಿಲ್ಲ. ಓಡಿ ಜವನಮ್ಮನ್ನ ಕರೆದು ಕೇಳಿದ್ಲು. ಜವನಮ್ಮ ಮಣ್ಣು ನೋಡಿ ಬಾಯಿ ಮೇಲೆ ಕೈ ಇಟ್ಕೊಂಡ್ಲು. "ಅಯ್ಯೋ, ದೇವೀರಿಯ ನೆಲಸಂಪಿಗೆ ಕಣೇ ಅದು!"

ಈಗ ಹೇಳಿ, ನೀವಾಗಿದ್ರೆ ಏನು ಮಾಡ್ತಿದ್ರಿ? ಗೊತ್ತಿರ್ಲಿಲ್ಲ ಅಂತಿದ್ರಿ. ನಿಜವೇ, ಗೊತ್ತಿರ್ಲಿಲ್ಲ. ಲಕ್ಕವ್ವ ಹಾಗನ್ಲಿಲ್ಲ. ಮಂಡಿಯೂರಿ ತಿಪ್ಪೆಗೆ ಕೈ ಹಾಕಿದ್ಲು. ಸಗಣಿ, ಬೂದಿ, ಕೊಳೆತ ಸೊಪ್ಪು, ಎಲ್ಲ ಬಗೆದ್ಲು. ಒಂದು ಚೂರು ಸಿಕ್ತು. ಬಗೆದ್ಲು, ಇನ್ನೊಂದು ಸಿಕ್ತು. ಬಗೆದ್ಲು, ಬಗೆದ್ಲು, ಉಗುರೊಳಗೆಲ್ಲ ಕಪ್ಪಾಯ್ತು. ಮಿಕ್ಕಿದ್ದನ್ನ ಹಂದಿ ತಿಂದಿತ್ತೋ, ಕೋಳಿ ಕೆದಕಿತ್ತೋ, ಸಿಕ್ಕಿದ್ದು ಒಂದು ಹಿಡಿ. ಅದೂ ಗುದ್ದಲಿ ಏಟು ತಿಂದ ಚೂರುಗಳು.

ಅದನ್ನ ಸೆರಗಲ್ಲಿ ಕಟ್ಕೊಂಡು ಹೂವಾಡಗಿತ್ತಿ ಹತ್ರ ಹೋದ್ಲು. ಅವಳು ನೋಡಿ, "ನಾನು ಹೂವು ಮಾರೋಳು ತಾಯಿ, ನೆಡೋಳಲ್ಲ" ಅಂದ್ಲು. ನಾಟಿ ಔಷಧಿ ಕೊಡೋ ಪಂಡಿತರ ಹತ್ರ ಹೋದ್ಲು. ಅವರು ಮೂಸಿ, "ಇದನ್ನ ಅರೆದು ಊತಕ್ಕೆ ಹಚ್ತಾರೆ, ಬದುಕಿಸೋದು ನನಗೆ ಗೊತ್ತಿಲ್ಲವ್ವ" ಅಂದ್ರು. ಇನ್ಯಾರಿಗೆ ಗೊತ್ತು? ಗೊತ್ತಿದ್ದವಳು ಒಬ್ಬಳೇ. ಆ ಗಡ್ಡೆಯನ್ನ ಮಗಳಿಗೆ ಕೊಟ್ಟು ಕಳಿಸಿದವಳು. ದೇವೀರಿಯ ತಾಯಿ, ಸಿದ್ದಜ್ಜಿ.

"ಅಲ್ಲಿಗೆ ಹೋಗ್ತೀಯಾ?" ಅಂತ ಜವನಮ್ಮ ಕಣ್ಣರಳಿಸಿದ್ಲು. "ಮಗಳು ಸತ್ತು ವರ್ಷ ಆಗಿಲ್ಲ. ಮದುವೆಗೂ ಬರ್ಲಿಲ್ಲ ಆಯಮ್ಮ. ಬಾಗಿಲಲ್ಲೇ ಉಗಿದು ಕಳಿಸ್ತಾಳೆ."

"ಉಗಿಲಿ. ಒರೆಸ್ಕೊಂಡು ಕೇಳ್ತೀನಿ" ಅಂದ್ಲು ಲಕ್ಕವ್ವ.

ಹೋದ್ಲು. ಬಿಸಿಲಲ್ಲಿ ನಡ್ಕೊಂಡೇ ಹೋದ್ಲು. ಸಿದ್ದಜ್ಜಿ ಜಗುಲಿ ಮೇಲೆ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೀತಿದ್ಲು.

"ಯಾರವ್ವ ನೀನು?"

"ಗಾಣದ ಮುದ್ದಯ್ಯನ ಮನೆಯವಳು ಅಜ್ಜಿ."

ಕಲ್ಲು ನಿಂತುಹೋಯ್ತು. ಆಮೇಲೆ ಮತ್ತೆ ಜಜ್ಜೋಕೆ ಶುರು. ಈ ಸಲ ಜೋರಾಗಿ.

"ಓ. ನನ್ನ ಮಗಳ ಜಾಗಕ್ಕೆ ಬಂದೋಳು."

"ಆ ಜಾಗಕ್ಕೆ ಯಾರು ಬರೋಕಾಗ್ತದೆ ಅಜ್ಜಿ? ನಾನು ಮನೆಗೆ ಬಂದೋಳು" ಅಂದು ಲಕ್ಕವ್ವ ಸೆರಗು ಬಿಚ್ಚಿ ಆ ಚೂರುಗಳನ್ನ ಜಗುಲಿ ಮೇಲಿಟ್ಲು. ಏನಾಯ್ತು ಅಂತ ಹೇಳಿದ್ಲು. ತಾನೇ ಅಗೆದಿದ್ದು, ತಾನೇ ಎಸೆದಿದ್ದು, ಮಗು ಅಂದ ಮಾತು, ಒಂದೂ ಬಿಡದೆ ಹೇಳಿದ್ಲು.

ಸಿದ್ದಜ್ಜಿ ಒಂದು ಚೂರು ತಗೊಂಡು ಅಂಗೈಯಲ್ಲಿ ಇಟ್ಕೊಂಡ್ಲು. ಕಣ್ಣಲ್ಲಿ ನೀರು ಬಂತು, ಒರೆಸ್ಕೊಳ್ಲಿಲ್ಲ.

"ಹೆಡ್ಡಿ ಕಣೇ ನೀನು. ಸುಮ್ಮನೆ ಬೇರೆ ಎಲ್ಲಿಂದಲೋ ತಂದು ನೆಟ್ಟು, ಇದೇ ನಿಮ್ಮವ್ವಂದು ಅಂದಿದ್ರೆ ಮಗು ನಂಬ್ತಿತ್ತು."

"ನಂಬ್ತಿತ್ತು ಅಜ್ಜಿ. ನಂಬೋ ಮಗೀಗೆ ಸುಳ್ಳು ಹೇಳೋದು ಹೇಗೆ? ಅದಕ್ಕೇ ಇಲ್ಲಿಗೆ ಬಂದೆ."

ಅಜ್ಜಿ ಅವಳನ್ನ ಮೊದಲ ಸಲ ಮುಖ ಎತ್ತಿ ನೋಡಿದ್ಲು. "ನನ್ನ ಹಿತ್ತಲಲ್ಲಿ ಒಂದು ಮಡಿ ತುಂಬ ಇದೆ. ಒಳ್ಳೇ ಗಡ್ಡೆ. ಬೇಕಾದ್ರೆ ತಗೊಂಡ್ಹೋಗು. ಬರೋ ಮಳೆಗೇ ಹೂ ಬಿಡ್ತದೆ. ಇವು ಏಟು ತಿಂದಿವೆ. ಬದುಕಿದ್ರೂ ಈ ಬೇಸಿಗೆಗೆ ಹೂ ಬಿಡಲ್ಲ. ಬರೀ ಎಲೆ. ಒಂದು ವರ್ಷ ಆ ಮಗೀನ ಕಣ್ಣಲ್ಲಿ ಕೆಟ್ಟವಳಾಗಿ ಇರಬೇಕಾಗ್ತದೆ. ಆಗ್ತದಾ ನಿನ್ನ ಕೈಲಿ?"

ಲಕ್ಕವ್ವ ಸ್ವಲ್ಪ ಯೋಚನೆ ಮಾಡಿದ್ಲು. ಆಸೆ ಆಗ್ಲಿಲ್ಲ ಅಂತಲ್ಲ. ಆಯ್ತು. ಆದ್ರೂ ಅಂದ್ಲು, "ಇವನ್ನೇ ಬದುಕಿಸೋದು ಹೇಳ್ಕೊಡಿ."

ಸಿದ್ದಜ್ಜಿ ಒಳಗೆ ಕರೀಲಿಲ್ಲ, ಅದಂತೂ ನಿಜ. ಆದ್ರೆ ಒಂದು ಚೊಂಬು ಮಜ್ಜಿಗೆ ತಂದು ಕೊಟ್ಲು. ಕುಡಿಯೋವರೆಗೂ ನಿಂತು ಹೇಳಿದ್ಲು. "ಕೊಯ್ದ ಜಾಗಕ್ಕೆ ಒಲೆಬೂದಿ ಸವರು. ನೆರಳಲ್ಲಿ ಆರಲಿ. ಹಳೇ ಗೊಬ್ಬರಕ್ಕೆ ಮರಳು ಬೆರೆಸು, ನೀರು ನಿಲ್ಲಬಾರದು. ಬೆಳಗಿನ ಬಿಸಿಲು ಬೀಳ್ಬೇಕು, ಮಧ್ಯಾಹ್ನದ್ದು ಬೇಡ. ಮೊಳಕೆ ಬರೋ ಕಣ್ಣು ಮೇಲೆ ಮಾಡಿ ತೆಳ್ಳಗೆ ಮಣ್ಣು ಮುಚ್ಚಿ ತರಗೆಲೆ ಹಾಸು. ಮಳೆ ಬರೋ ತನಕ ನೀರು ಕೊಡಬೇಡ, ಮಲಗಿದ್ದಕ್ಕೆ ನೀರು ಹಾಕಿದ್ರೆ ಕೊಳೀತದೆ. ಇನ್ನೊಂದು ಮಾತು. ಬಂತಾ ಬಂತಾ ಅಂತ ಬಗೆದು ನೋಡಬೇಡ."

ಲಕ್ಕವ್ವ ವಾಪಸ್ಸು ಬಂದ್ಲು. ಬೆಂಡೆ ಸಾಲನ್ನೆಲ್ಲ ಕೆಡಿಸಿದ್ಲು. ಅಜ್ಜಿ ಹೇಳಿದ ಹಾಗೇ ಮಾಡಿದ್ಲು. ಮುದ್ದಯ್ಯ ಎಲ್ಲ ನೋಡಿದ. ಏನೂ ಮಾತಾಡ್ಲಿಲ್ಲ. ಮಾರನೇ ದಿನ ಗಾಣದಿಂದ ಬರುವಾಗ ಹೊಂಗೆ ಹಿಂಡಿ ಪುಡಿ ಮಾಡಿ ಗೊಬ್ಬರಕ್ಕೆ ಅಂತ ತಂದು ಅಲ್ಲಿ ಇಟ್ಟು ಹೋದ. ಅದೇ ಅವನ ಮಾತು.

ಆಮೇಲೆ ಲಕ್ಕವ್ವ ಮಗು ಮುಂದೆ ಕುಕ್ಕರಗಾಲಲ್ಲಿ ಕೂತ್ಲು. "ನೋಡು ಚೆಲುವಿ, ಗೊತ್ತಿಲ್ಲದೆ ಕಿತ್ತೆ. ಸಿಕ್ಕಿದಷ್ಟು ನೆಟ್ಟಿದೀನಿ. ಈ ಬೇಸಿಗೆಗೆ ಹೂ ಬರಲ್ಲ. ಎಲೆ ಬರಬಹುದು. ಮುಂದಿನ ಬೇಸಿಗೆಗೆ ಹೂ ಬರಬಹುದು."

"ಸುಳ್ಳಿ" ಅಂತು ಮಗು.

ಮೊದಲ ಮಳೆ ಬಂತು. ಮಣ್ಣು ಒದ್ದೆ ಆಯ್ತು. ಏನೂ ಬರ್ಲಿಲ್ಲ. "ಸತ್ತೋಗಿದೆ" ಅಂತು ಮಗು. ಎರಡನೇ ಮಳೆ ಬಂತು. ಏನೂ ಬರ್ಲಿಲ್ಲ. "ಸತ್ತೋಗಿದೆ, ನೀನೇ ಸಾಯಿಸ್ದೆ" ಅಂತು. ಜವನಮ್ಮ ಗೋಡೆ ಮೇಲಿಂದ ಬಗ್ಗಿ ಪಿಸುಗುಟ್ಟಿದ್ಲು, "ಯಾರಿಗೂ ಗೊತ್ತಾಗಲ್ಲ ಕಣೇ, ಅಜ್ಜಿ ಮನೆಯಿಂದ ಒಂದು ಗಡ್ಡೆ ತಂದು ಇಡು." ಲಕ್ಕವ್ವ ಬೇಡ ಅಂತ ತಲೆ ಆಡಿಸಿ ಪಾತ್ರೆ ತೊಳೀತಾ ಕೂತ್ಲು. ಅವತ್ತು ಆ ಪಾತ್ರೆಗಳನ್ನ ಬಹಳ ಜೋರಾಗಿ ಉಜ್ಜಿದ್ಲು.

ಮೂರನೇ ಮಳೆ ಬಂದ ಮಾರನೇ ಬೆಳಿಗ್ಗೆ ಚೆಲುವಿಗೆ ತಡೆಯೋಕಾಗ್ಲಿಲ್ಲ. ಯಾರೂ ಇಲ್ಲದ್ದು ನೋಡಿ ತರಗು ಸರಿಸಿ ಬೆರಳು ಹಾಕ್ತು. ಬಗೀತು. ಒಳಗೆ ಏನೋ ಬೆಳ್ಳಗೆ, ಎಳೇದು, ಚೂಪಾದ ಮೊಳಕೆ. ಬದುಕಿದೆ! ಎಳೆದು ನೋಡ್ತು. ಪಟ್ಟಂತ ಮುರಿದು ಕೈಗೆ ಬಂತು.

ಮಗು ಸುತ್ತ ನೋಡ್ತು. ಮೊಳಕೇನ ಮುಷ್ಟಿಯಲ್ಲಿ ಮುಚ್ಚಿ ಎಮ್ಮೆ ಕೊಟ್ಟಿಗೆಗೆ ಓಡಿ, ಗೋದಲಿ ಹಿಂದೆ ಅವಿತು ಕೂತ್ಕೊಂಡ್ತು. ಲಕ್ಕವ್ವ ಹಿತ್ತಲಿಗೆ ಬಂದ್ಲು, ಕೆದಕಿದ ಮಣ್ಣು ನೋಡಿದ್ಲು, ಪುಟ್ಟ ಹೆಜ್ಜೆ ನೋಡಿದ್ಲು. ನೇರ ಕೊಟ್ಟಿಗೆಗೆ ಹೋದ್ಲು.

ಹೊಡೀತಾಳೆ ಅಂದ್ಕೊಂಡ್ರಾ? ಮಗುವೂ ಹಾಗೇ ಅಂದ್ಕೊಂಡ್ತು. ಕಣ್ಣು ಬಿಗಿಯಾಗಿ ಮುಚ್ಕೊಂಡು ಕೈ ಮುಂದೆ ಚಾಚಿ ಮುಷ್ಟಿ ಬಿಚ್ಚಿತು. ಬಾಡಿದ ಮೊಳಕೆ.

ಲಕ್ಕವ್ವ ಪಕ್ಕದಲ್ಲಿ ಹುಲ್ಲಿನ ಮೇಲೇ ಕೂತ್ಲು. "ನಾನು ಗುದ್ದಲಿ ಹಾಕ್ದೆ. ನೀನು ಬೆರಳು ಹಾಕ್ದೆ. ನಾವಿಬ್ಬರೂ ಒಂದೇ ಜಾತಿ ಕಣೇ" ಅಂದ್ಲು. "ಏಳು. ಗಡ್ಡೆ ಹಾಗೇ ಇದೆಯಲ್ಲ, ಮತ್ತೆ ಮಣ್ಣು ಮುಚ್ಚೋಣ. ಈ ಸಲ ನೀನೇ ಮುಚ್ಚು."

ಇಬ್ಬರೂ ಸೇರಿ ಮುಚ್ಚಿದ್ರು. ಅವತ್ತಿಂದ ಬೆಳಿಗ್ಗೆ ಕರಿಬೇವಿನ ಬುಡದಲ್ಲಿ ಒಬ್ಬರಲ್ಲ, ಇಬ್ಬರು. ಮಾತು ಜಾಸ್ತಿ ಏನಿಲ್ಲ. ಕೋಳಿ ಓಡಿಸೋದು, ಕಳೆ ಕೀಳೋದು, ಸುಮ್ಮನೆ ನೋಡೋದು.

ಆಷಾಢದ ಗಾಳಿ ಏಳೋ ಹೊತ್ತಿಗೆ ಒಂದು ಎಲೆ ಸುರುಳಿ ಬಿಚ್ಚಿತು. ಆಮೇಲೆ ಇನ್ನೊಂದು. ಚೆಲುವಿ ನೆಲಕ್ಕೆ ಕೆನ್ನೆ ಒತ್ತಿ ಎಲೆಯ ಅಡಿಯಲ್ಲಿ ಇಣುಕಿ ನೋಡ್ತು. ನೇರಳೆ ಬಣ್ಣ. ಅದೇ. ಬೇರೆ ಅಲ್ಲ, ಅದೇ. ಮಗು ಓಡಿಹೋಗಿ ಒಲೆ ಮುಂದೆ ಇದ್ದ ಲಕ್ಕವ್ವನ ಸೆರಗು ಹಿಡಿದು ಜಗ್ಗಿ ಕರ್ಕೊಂಡು ಬಂತು. ಸಾರು ಉಕ್ಕಿ ಒಲೆ ಆರಿಹೋಯ್ತು. ಹೋಗ್ಲಿ ಬಿಡಿ.

ಮಳೆಗಾಲ ಪೂರ್ತಿ ಎಲೆ ಚೆನ್ನಾಗಿ ಬಂತು. ಗೌರಿ ಹಬ್ಬ ಆಯ್ತು, ಆಯುಧಪೂಜೆ ಆಯ್ತು, ಬೆಳಗಿನ ಹೊತ್ತು ಇಬ್ಬನಿ ಬೀಳೋಕೆ ಶುರು ಆಯ್ತು. ದೀಪಾವಳಿ ಹತ್ರ ಬಂತು. ಒಂದು ಬೆಳಿಗ್ಗೆ ಚೆಲುವಿ ಹಿತ್ತಲಿಗೆ ಹೋಗ್ತಾಳೆ, ಎಲೆ ಹಳದಿ!

"ಚಿಕ್ಕವ್ವಾ! ಚಿಕ್ಕವ್ವಾ, ಬಾ! ಅದು ಹೋಗ್ತಾ ಇದೆ!"

ಕೇಳಿಸ್ಕೊಂಡ್ರಾ? ಚಿಕ್ಕವ್ವ ಅಂತು. ಮಗುವಿಗೆ ತಾನು ಹಾಗಂದಿದ್ದು ಗೊತ್ತೇ ಆಗ್ಲಿಲ್ಲ. ಲಕ್ಕವ್ವನಿಗೆ ಗೊತ್ತಾಯ್ತು. ಆದ್ರೆ ಅದಕ್ಕೆ ಹಿಗ್ಗೋ ಹೊತ್ತಲ್ಲ ಅದು. ಓಡಿಬಂದು ಮಗುವನ್ನ ತಬ್ಕೊಂಡ್ಲು.

"ಹೋಗ್ತಿಲ್ಲ ಮಗ, ಮಲಗ್ತಿದೆ. ಎಲೆ ಮಾತ್ರ ಹೋಗ್ತದೆ. ಗಡ್ಡೆ ಒಳಗೆ ಇರ್ತದೆ."

ಮಗು ಅವಳ ಮುಖ ನೋಡ್ತು. "ನಮ್ಮವ್ವನೂ ಮಲಗಿದಾಳಾ?"

ಈಗ ಏನು ಹೇಳ್ತಾಳೆ? ಹೂಂ ಅಂದುಬಿಡೋದು ಸುಲಭ. ಜವನಮ್ಮನೂ ಹಾಗೇ ಅಂದಿದ್ಲು. ಲಕ್ಕವ್ವ ಹಾಗನ್ಲಿಲ್ಲ. ನಿಜ ಹೇಳಿದ್ಲು.

"ಇಲ್ಲ ಕೂಸೇ. ನಿಮ್ಮವ್ವ ಮಲಗಿಲ್ಲ. ನಿಮ್ಮವ್ವ ಸತ್ತೋದ್ಲು. ಗಡ್ಡೆ ಏಳ್ತದೆ. ಅವ್ವ ಏಳಲ್ಲ."

ಚೆಲುವಿ ಹಳದಿ ಎಲೆ ನೋಡ್ತು. ಲಕ್ಕವ್ವನ ಸೆರಗು ಹಿಡ್ಕೊಂಡ್ತು. ಆಮೇಲೆ ಅಳು ಬಂತು. ಒಂದು ವರ್ಷದಿಂದ ಒಂದು ಹನಿ ಹಾಕದ ಮಗು, ಆ ಒಂದು ವರ್ಷದ್ದೆಲ್ಲ ಸೇರಿಸಿ ಅತ್ತುಬಿಡ್ತು. ಬೀದಿಗೆಲ್ಲ ಕೇಳೋ ಹಾಗೆ ಅತ್ತಿತು. ಗಾಣ ನಿಲ್ಲಿಸಿ ಮುದ್ದಯ್ಯ ಓಡಿಬಂದ. ಏನು ಅಂತ ಕೇಳ್ಲಿಲ್ಲ. ಅವನಿಗೂ ಗೊತ್ತಾಯ್ತು. ಅಲ್ಲೇ ಮಣ್ಣಲ್ಲಿ ಕೂತು ಮಗಳನ್ನ ತೊಡೆ ಮೇಲೆ ಎಳ್ಕೊಂಡು ಅವನೂ ಅತ್ತ. "ನನಗೂ ಅವಳು ಬೇಕಿತ್ತು ಮಗಳೇ" ಅಂದ. ಅಷ್ಟು ಉದ್ದದ ಮಾತನ್ನ ಆ ಮನೆ ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಲಕ್ಕವ್ವ ಏಳೋಕೆ ಹೋದ್ಲು, ಅಪ್ಪ ಮಗಳ ದುಃಖ, ತಾನ್ಯಾಕೆ ಅಂತ. ಚೆಲುವಿ ಅವಳ ಸೆರಗು ಬಿಡ್ಲಿಲ್ಲ.

ಅವತ್ತು ಮಧ್ಯಾಹ್ನ ಮಗು ಹೊಟ್ಟೆ ತುಂಬ ಉಂಡು, ಸಂಜೆ ತನಕ ನಿದ್ದೆ ಮಾಡಿತು.

ಚಳಿ ಬಂತು. ಹೋಯ್ತು. ಶಿವರಾತ್ರಿ ಕಳೀತು. ಕರಿಬೇವಿನ ಬುಡದಲ್ಲಿ ಬರೀ ಮಣ್ಣು, ಮೇಲೆ ತರಗು. ಯಾರೂ ಬಗೀಲಿಲ್ಲ. ಚೆಲುವಿ ಸುತ್ತ ಕಡ್ಡಿ ನೆಟ್ಟು ಬೇಲಿ ಮಾಡಿತ್ತು. ಯುಗಾದಿ ಆದ ಮೇಲೆ ಒಂದು ಸಂಜೆ ಗುಡುಗಿ ಮಳೆ ಹುಯ್ತು. ದಪ್ಪ ದಪ್ಪ ಹನಿ. ಎರಡು ದಿನ ಬಿಸಿಲು. ಮತ್ತೆ ಮಳೆ.

ಆ ಬೆಳಿಗ್ಗೆ ಮುಖ ತೊಳೆಯೋಕೆ ಅಂತ ಹಿತ್ತಲಿಗೆ ಮೊದಲು ಬಂದವನು ಮುದ್ದಯ್ಯ. ಚೊಂಬು ಕೈಯಲ್ಲಿ, ಬೇವಿನ ಕಡ್ಡಿ ಬಾಯಲ್ಲಿ. ಏನೋ ಘಮ್ಮಂತು. ತಿರುಗಿ ನೋಡ್ದ. ಚೊಂಬು ಬಿತ್ತು.

"ಬನ್ರೇ! ಬನ್ರೇ ಇಬ್ಬರೂ!"

ಓಡಿಬಂದ್ರು. ಕಡ್ಡಿ ಬೇಲಿಯೊಳಗೆ ಎಲೆ ಇಲ್ಲ, ಕಾಂಡ ಇಲ್ಲ, ತರಗು ಸರಿಸಿಕೊಂಡು ನೆಲದಿಂದಲೇ ಎದ್ದ ಹೂವು. ಬಿಳಿ ಎಸಳು, ಒಳಗೆ ತಿಳಿ ನೇರಳೆ. ಪಕ್ಕದಲ್ಲಿ ಇನ್ನೊಂದು ಮೊಗ್ಗು, ನಾಳೆಗೆ. ಚೆಲುವಿ ಮುಟ್ಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ಬಗ್ಗಿ ಮೂಸಿತು.

"ಅಜ್ಜಿಗೆ ಹೇಳಿಕಳಿಸಪ್ಪ" ಅಂತು.

ಹೇಳಿಕಳಿಸಿದ್ರು. ಸಿದ್ದಜ್ಜಿ ಎತ್ತಿನ ಗಾಡಿಯಲ್ಲಿ ಬಂದಿಳಿದ್ಲು. ಮಗಳು ಹೋದ ಮೇಲೆ ಆ ಮನೆಗೆ ಕಾಲಿಟ್ಟಿರ್ಲಿಲ್ಲ. ಬಾಗಿಲಲ್ಲಿ ಸ್ವಲ್ಪ ನಿಂತ್ಲು. ಮೊಮ್ಮಗಳು ಬಂದು ಕೈ ಹಿಡಿದು ಎಳ್ಕೊಂಡು ಹೋಯ್ತು. ಅಷ್ಟರಲ್ಲಿ ನಿನ್ನೆಯ ಹೂವು ಬಾಡಿ, ಮೊಗ್ಗು ಬಿಚ್ಚಿ ಹೊಸದು ನಿಂತಿತ್ತು. ಅಜ್ಜಿ ಹೂವು ನೋಡಿದ್ಲು. ಲಕ್ಕವ್ವನ ಕೈ ಹಿಡಿದು, ತಿರುಗಿಸಿ, ಉಗುರು ನೋಡಿದ್ಲು. ಎಲ್ಲ ಮಣ್ಣು.

"ಗೌರಿ ಹಬ್ಬಕ್ಕೆ ನಮ್ಮನೆಗೆ ಬಾ" ಅಂದ್ಲು. "ಹೆಣ್ಣುಮಕ್ಕಳು ತವರಿಗೆ ಬರೋ ಹಬ್ಬ. ಬರಲ್ಲ ಅಂದ್ರೆ ನಾನೇ ಬಂದು ಎಳ್ಕೊಂಡು ಹೋಗ್ತೀನಿ."

ಲಕ್ಕವ್ವ ಬಗ್ಗಿ ಅಜ್ಜಿಯ ಕಾಲು ಮುಟ್ಟಿದ್ಲು. "ಬರ್ತೀನಿ" ಅಂದ್ಲು.

ಆಮೇಲೆ ಅಜ್ಜಿ ಮೊಮ್ಮಗಳನ್ನ ಹತ್ರ ಕೂರಿಸ್ಕೊಂಡು, ತಮಾಷೆಗೆ ಕೇಳಿದ್ಲು. "ಹೇಳೇ, ಇಷ್ಟು ಚೆನ್ನಾಗಿರೋ ಹೂವು ಯಾರು ಬೆಳೆಸಿದ್ದು?"

ಚೆಲುವಿ ಬಹಳ ಯೋಚನೆ ಮಾಡಿತು. ಮೂವರ ಮುಖವನ್ನೂ ನೋಡಿತು. ಹೂವು ನೋಡಿತು. ಆಮೇಲೆ ಅಂತು:

"ನಮ್ಮವ್ವ ನೆಟ್ಟಿದ್ದು. ಚಿಕ್ಕವ್ವ ಕಿತ್ತಿದ್ದು. ನಾನು ಮುರಿದಿದ್ದು. ಆದ್ರೂ ಬಂತು ಅಜ್ಜಿ!"

ಮೊದಲು ನಕ್ಕಿದ್ದು ಮುದ್ದಯ್ಯ. ಆಮೇಲೆ ಸಿದ್ದಜ್ಜಿ. ಆಮೇಲೆ ಲಕ್ಕವ್ವನ ಆ ಜೋರು ನಗು, ಗೋಡೆ ಆಚೆಯಿಂದ ಜವನಮ್ಮ ಬಗ್ಗಿ ನೋಡೋ ಹಾಗೆ.

ಹೂವು ಅವರ ಹಿತ್ತಲಿಗೆ, ಕಥೆ ನಿಮ್ಮ ಮಡಿಲಿಗೆ. ನನ್ನ ಬಾಯಿ ಒಣಗಿದೆ, ಯಾರಾದ್ರೂ ಎದ್ದು ಒಂದು ಲೋಟ ನೀರು ಕೊಡಿ.